ಫ್ಲಟರ್ ಚೌಕಟ್ಟಿನ ಕನ್ನಡ ಪಾಠ: ಒಂದು ಪರಿಶೀಲನೆ

ಓಲೆಗರಿಯ ಮೇಲೆ ಒಬ್ಬ ಲಿಪಿಕಾರನು ಮಾಡಿದ ಕೈತಪ್ಪು ಆ ಪ್ರತಿಯಿಂದ ಇಳಿದುಬಂದ ಪ್ರತಿಗಳಲ್ಲೆಲ್ಲ ತಲೆಯೆತ್ತುವುದನ್ನು ಗ್ರಂಥಸಂಪಾದಕರು ಬಲ್ಲರು. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾದ ಮೇಲೆ ಈ ವಿಚಾರ ಕನ್ನಡ ವಿದ್ಯಾರ್ಥಿಗಳಿಗೆ ಹೊಸದಾಗಿ ಉಳಿದಿಲ್ಲ. ಅಚ್ಚಿನ ಕಾಲದಲ್ಲಿ ಹಿಂದೆ ಸರಿದಿದ್ದ ಈ ಸಮಸ್ಯೆ ಈಗ ಕೈಫೋನಿನ ಪರದೆಯ ಮೇಲೆ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿದೆ.

ಗೂಗಲ್ ಸಂಸ್ಥೆ ರೂಪಿಸಿದ ‘ಫ್ಲಟರ್’ ಎಂಬುದು ಕೈಫೋನಿನ ಆಪುಗಳನ್ನು ಕಟ್ಟುವವರಿಗೆ ನೆರವಾಗುವ ಒಂದು ಚೌಕಟ್ಟು. ಇದರ ಮೊದಲ ಸ್ಥಿರ ಆವೃತ್ತಿ 2018ರ ಡಿಸೆಂಬರಿನಲ್ಲಿ ಹೊರಬಂದಿತು. ಇದರ ಮೂಲಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಪ್ಪನ್ನು ತೋರಿಸಬಹುದು, ತಿದ್ದುಪಡಿಯನ್ನು ಒಪ್ಪಿಸಬಹುದು. ಮನೆ ಕಟ್ಟುವವನು ಬಾಗಿಲು ಕಿಟಕಿಗಳನ್ನು ಸಿದ್ಧವಾಗಿಯೇ ತರಿಸಿಕೊಳ್ಳುವಂತೆ, ಆಪು ಕಟ್ಟುವವನು ಗುಂಡಿ, ಪಂಚಾಂಗದ ಪುಟ, ಗಡಿಯಾರದ ಮುಖ ಮುಂತಾದವನ್ನು ಈ ಚೌಕಟ್ಟಿನಿಂದಲೇ ಪಡೆಯುತ್ತಾನೆ. ಅವುಗಳ ಮೇಲಿನ ಮಾತುಗಳೂ ಜೊತೆಯಲ್ಲಿಯೇ ಬರುತ್ತವೆ. ಆದುದರಿಂದ ಇಲ್ಲಿ ಸೇರಿದ ಒಂದು ಕನ್ನಡ ಪದ ಒಂದು ಆಪಿನ ಪದವಲ್ಲ. ಆ ಚೌಕಟ್ಟಿನ ಮಾತುಗಳನ್ನು ಬಳಸಿಕೊಂಡ ಆಪುಗಳಿಗೆಲ್ಲ ಅದೇ ಮೂಲಪ್ರತಿ. ಚೌಕಟ್ಟಿನ ಅಧಿಕೃತ ವಿವರಣೆಯ ಪ್ರಕಾರ 2023ರ ಡಿಸೆಂಬರಿನ ವೇಳೆಗೆ ಇಂಥ ಪಾಠಗಳು 115 ಭಾಷೆ ಮತ್ತು ಭಾಷಾಪ್ರಭೇದಗಳಲ್ಲಿ ಸಿದ್ಧವಾಗಿದ್ದವು. ಕನ್ನಡ ಅವುಗಳಲ್ಲಿ ಒಂದು.

ಪಾಠದ ಏರ್ಪಾಡು ಸರಳವಾದುದು. ಪ್ರತಿ ಭಾಷೆಗೆ ಒಂದೊಂದು ಕಡತ. ಎಡಗಡೆಗೆ ಮಾತಿನ ಗುರುತು, ಬಲಗಡೆಗೆ ಅದರ ಅನುವಾದ. ಇಂಗ್ಲಿಷ್ ಕಡತದಲ್ಲಿ ಮಾತ್ರ ಪ್ರತಿ ಗುರುತಿನ ಕೆಳಗೆ, ಆ ಮಾತು ಎಲ್ಲಿ ಯಾವ ಅರ್ಥದಲ್ಲಿ ಬರುತ್ತದೆ ಎಂಬ ಕಿರುಟೀಕೆ ಉಂಟು. ಹೊಸ ಮಾತು ಸೇರಿದಾಗ, ಅನುವಾದ ಬರುವವರೆಗೆ ಉಳಿದ ಭಾಷೆಗಳ ಕಡತಗಳಲ್ಲಿಯೂ ಇಂಗ್ಲಿಷ್ ಮಾತೇ ಕುಳಿತಿರುತ್ತದೆ. ಅನುವಾದಗಳನ್ನು ಗೂಗಲ್ ಸಂಸ್ಥೆಯೇ ಒದಗಿಸುವುದಾಗಿಯೂ, ದೋಷ ಕಂಡವರು ಯೋಜನೆಯ ದೂರುಪಟ್ಟಿಯಲ್ಲಿ ತಿಳಿಸಬೇಕಾಗಿಯೂ ಯೋಜನೆಯ ಟಿಪ್ಪಣಿ ಹೇಳುತ್ತದೆ. ಎಂದರೆ ಹೊರಗಿನ ಕನ್ನಡಿಗನ ಪಾಲಿಗೆ ಬರುವುದು ಮುಖ್ಯವಾಗಿ ಶೋಧಕನ ಕೆಲಸ, ಪಾಠವನ್ನು ಓದಿ ತಿದ್ದುವ ಕೆಲಸ. ಇದು ಅನುವಾದಕ್ಕಿಂತ ಕೀಳಾದುದೆಂದು ಯಾರೂ ಭಾವಿಸಬೇಕಾಗಿಲ್ಲ.

ಪಾಠದ ಗುಣವನ್ನು ಮೊದಲು ನೋಡಬಹುದು. ಉದ್ದವಾದ ಪಟ್ಟಿಯೊಂದರಲ್ಲಿ ಎಷ್ಟರಿಂದ ಎಷ್ಟರವರೆಗಿನ ಸಾಲುಗಳು ಕಾಣುತ್ತಿವೆ ಎಂದು ತಿಳಿಸುವ ಮಾತೊಂದಿದೆ. ಇಂಗ್ಲಿಷಿನಲ್ಲಿ ಭಾಗ ಮೊದಲು, ಒಟ್ಟು ಮೊತ್ತ ಅನಂತರ. ಕನ್ನಡದ ಅನುವಾದಕನು ಈ ಕ್ರಮವನ್ನು ತಿರುಗಿಸಿ, ‘100 ರಲ್ಲಿ 1–10’ ಎಂಬ ರೀತಿಯಲ್ಲಿ ಮೊತ್ತವನ್ನು ಮೊದಲಿಟ್ಟು ಸಪ್ತಮೀ ಪ್ರತ್ಯಯವನ್ನು ಸೇರಿಸಿದ್ದಾನೆ. ಇದು ಕನ್ನಡದ ಜಾಯಮಾನವನ್ನು ಅರಿತವನ ಕೈ. ಐದರಲ್ಲಿ, ಇಪ್ಪತ್ತರಲ್ಲಿ, ನೂರರಲ್ಲಿ ಎಂದು ಬಹುತೇಕ ಸಂಖ್ಯೆಗಳಿಗೆ ಈ ಪ್ರತ್ಯಯ ಹೊಂದುತ್ತದೆ. ಸಾವಿರ, ಲಕ್ಷಗಳು ಬಂದಾಗ ಮಾತ್ರ ‘ದಲ್ಲಿ’ ಎಂದಾಗಬೇಕು. ಅಂಕಿಯೊಂದನ್ನು ಖಾಲಿ ಜಾಗದಲ್ಲಿ ತುಂಬುವ ಯಂತ್ರಕ್ಕೆ ಈ ಸೂಕ್ಷ್ಮವನ್ನು ಕಲಿಸುವುದು ಕಷ್ಟ, ಅನುವಾದಕನನ್ನು ದೂರುವಂತಿಲ್ಲ.

ಎಲ್ಲ ಕಡೆಯೂ ಈ ಎಚ್ಚರ ಉಳಿದಿಲ್ಲ. ಪಟ್ಟಿಯಲ್ಲಿ ಆಯ್ದ ಸಾಲುಗಳ ಎಣಿಕೆಯನ್ನು ಹೇಳುವಲ್ಲಿ ‘ಐಟಂಗಳನ್ನು ಆಯ್ಕೆ ಮಾಡಲಾಗಿದೆ’ ಎಂಬ ಮಾತಿದೆ. ಕನ್ನಡದಲ್ಲಿ ಎಣಿಕೆಯ ಪದ ಮೊದಲೇ ಇದ್ದರೆ ಅಚೇತನ ವಸ್ತುವಿಗೆ ಬಹುವಚನ ಬೇಕೇಬೇಕೆಂಬ ನಿಯಮವಿಲ್ಲ. ಹತ್ತು ರೂಪಾಯಿ, ಎರಡು ಎಕರೆ, ಐದು ಪುಸ್ತಕ ಎಂದೇ ಲೋಕದ ಬಳಕೆ. ಏಕವಚನಕ್ಕೊಂದು, ಬಹುವಚನಕ್ಕೊಂದು ಎಂದು ಎರಡು ಪಾಠಗಳನ್ನು ಚೌಕಟ್ಟು ಕೇಳುವುದರಿಂದ, ಬೇಡದಿದ್ದರೂ ಭೇದವನ್ನು ತೋರಿಸಬೇಕೆಂಬ ಹಟ ಹುಟ್ಟಿದಂತಿದೆ. ಇನ್ನು ‘ಮಾಡಲಾಗಿದೆ’ ಎಂಬ ಕರ್ಮಣಿ ಪ್ರಯೋಗ ಸರಕಾರಿ ಪ್ರಕಟಣೆಗಳಿಂದ ನೇರವಾಗಿ ಇಳಿದು ಬಂದುದು.

ಆಜ್ಞಾರ್ಥದ ರೂಪಗಳಲ್ಲಿಯೂ ಏಕಸೂತ್ರತೆ ಇಲ್ಲ. ಒಂದು ಕಡೆ ‘ಮುಚ್ಚಿರಿ’, ‘ತೆರೆಯಿರಿ’. ಇನ್ನೊಂದು ಕಡೆ ‘ಅಳಿಸಿ’, ‘ನಕಲಿಸಿ’, ‘ಅಂಟಿಸಿ’. ‘ಅಳಿಸಿ’ ಎಂಬುದು ವಿಧ್ಯರ್ಥವೂ ಹೌದು, ‘ಅಳಿಸಿದ ಬಳಿಕ’ ಎಂಬ ಅರ್ಥದ ಅವ್ಯಯವೂ ಹೌದು. ವಾಕ್ಯದಲ್ಲಿ ಈ ಸಂದಿಗ್ಧ ತಾನಾಗಿ ಪರಿಹಾರವಾಗುತ್ತದೆ. ಗುಂಡಿಯ ಮೇಲೆ ಒಂಟಿಯಾಗಿ ನಿಂತಾಗ ‘ಇರಿ’ ಪ್ರತ್ಯಯವೇ ಸ್ಪಷ್ಟ. ‘ನಕಲಿಸಿ’ ಎಂಬುದರ ಬಗೆಗೆ ಕೆಲವರು ಮೂಗು ಮುರಿಯಬಹುದು, ‘ನಕಲಿ’ಯ ನೆರಳು ಅದರ ಮೇಲೆ ಬಿದ್ದಿದೆಯೆಂದು. ಆದರೆ ಕಚೇರಿಯ ಕನ್ನಡದಲ್ಲಿ ‘ನಕಲು’ ಬಹುಕಾಲದಿಂದ ಮರ್ಯಾದೆಯಾಗಿ ಬಾಳಿದ ಪದ. ಅದು ಇರಲಿ.

ನಿಜವಾಗಿ ಅಪಾಯಕರವಾದುದು ಕಾಲವಾಚಕಗಳ ಪ್ರಮಾದ. ಹನ್ನೆರಡು ಗಂಟೆಯ ಗಡಿಯಾರದಲ್ಲಿ ದಿನದ ಎರಡು ಅರ್ಧಗಳನ್ನು ಸೂಚಿಸಲು ಈ ಪಾಠ ಬಳಸಿರುವ ಪದಗಳು ‘ಬೆಳಿಗ್ಗೆ’ ಮತ್ತು ‘ಸಂಜೆ’. ಕನ್ನಡಿಗನಿಗೆ ದಿನವೆಂಬುದು ಎರಡೇ ಹೋಳಲ್ಲ. ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಅದಕ್ಕೆ ಹಲವು ಹೊತ್ತುಗಳು. ಈ ಪಾಠದಂತೆ ನಡುಹಗಲಿನ ಒಂದು ಗಂಟೆ ‘ಸಂಜೆ 1’ ಆಗುತ್ತದೆ. ಮಲಗುವ ಹೊತ್ತಾದ ಹನ್ನೊಂದೂ ‘ಸಂಜೆ 11’. ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳುವ ಮುದುಕರು ಇದನ್ನು ಕಂಡು ಏನೆಂದು ತಿಳಿಯಬೇಕು? ಇಂಗ್ಲಿಷ್ ಕಡತದ ಟೀಕೆಯಲ್ಲಿ ‘ನಡುಹಗಲಿಗೆ ಮೊದಲು’ ಎಂಬ ಅರ್ಥ ಸ್ಪಷ್ಟವಾಗಿಯೇ ಇದೆ. ಅದನ್ನು ಓದದೆ ಅನುವಾದ ಮಾಡಿದಂತೆ ತೋರುತ್ತದೆ. ಲೋಕದ ಭಾಷೆಗಳ ಇಂಥ ವಿವರಗಳನ್ನು ಕಲೆಹಾಕುವ ಯೂನಿಕೋಡ್ ಒಕ್ಕೂಟದ ಭಂಡಾರದಲ್ಲಿ ಕನ್ನಡಕ್ಕೆ ‘ಪೂರ್ವಾಹ್ನ’, ‘ಅಪರಾಹ್ನ’ ಎಂಬ ಪದಗಳಿವೆ. ಅವು ತುಸು ಬಿಗಿ. ಆದರೆ ಸುಳ್ಳು ಹೇಳುವುದಿಲ್ಲ.

ಇಷ್ಟು ಸ್ಪಷ್ಟವಾದ ತಪ್ಪು ಕಣ್ಣಿಗೆ ಬೀಳದೆ ಹೇಗೆ ಉಳಿಯಿತು ಎಂಬ ಪ್ರಶ್ನೆ ಸಹಜ. ಅದಕ್ಕೆ ಒಂದು ಕಾರಣ ಕಡತದ ರೂಪದಲ್ಲಿಯೇ ಇದೆ. ‘ಈಮ್ಯಾಕ್ಸ್’ ಎಂಬ ಬರಹ ತಿದ್ದುವ ತಂತ್ರಾಂಶ ಲಿನಕ್ಸ್ ಯಂತ್ರಗಳಲ್ಲಿ ಕನ್ನಡದ ಕಡತಗಳನ್ನು ತೆರೆದಾಗ ಕುಸಿದುಬೀಳುವ ಸಂಭವವಿದೆಯೆಂದು 2019ರಲ್ಲಿ ಕಂಡುಬಂದಿತು. ಕೆಲಸಗಾರರಿಗೆ ತೊಂದರೆಯಾಗಬಾರದೆಂದು, ಕನ್ನಡದ ಎರಡು ಕಡತಗಳಲ್ಲಿಯೂ ಅಕ್ಷರಗಳನ್ನು ತೆಗೆದು ಅವುಗಳ ಜಾಗದಲ್ಲಿ ಯೂನಿಕೋಡ್ ಸಂಖ್ಯೆಗಳನ್ನು ಇಡಲಾಯಿತು. ಇದಕ್ಕಾಗಿಯೇ ಒಂದು ಚಿಕ್ಕ ಉಪಕರಣವನ್ನೂ ರಚಿಸಿದರು. ಅಂದಿನಿಂದ ಆ ಕಡತದಲ್ಲಿ ‘ಸರಿ’ ಎಂಬ ಎರಡಕ್ಷರದ ಮಾತು ಸೊನ್ನೆ-ಸಿ-ಬಿ-ಎಂಟು, ಸೊನ್ನೆ-ಸಿ-ಬಿ-ಸೊನ್ನೆ, ಸೊನ್ನೆ-ಸಿ-ಬಿ-ಎಫ್ ಎಂದು ಬರೆಯಲ್ಪಟ್ಟಿತು. ಯೋಜನೆಯ ಟಿಪ್ಪಣಿಯಲ್ಲಿ ಕನ್ನಡಕ್ಕೆಂದೇ ಒಂದು ಪ್ರತ್ಯೇಕ ಪ್ರಕರಣ ಸೇರಿತು. ಗೌರವದ ಪ್ರತ್ಯೇಕತೆ ಅಲ್ಲ ಇದು.

ಫೋನಿನ ಪರದೆಯ ಮೇಲೆ ಅಕ್ಷರಗಳು ಎಂದಿನಂತೆ ಮೂಡುತ್ತವೆ, ಬಳಸುವವನಿಗೆ ಯಾವ ನಷ್ಟವೂ ಇಲ್ಲ ಎಂಬುದು ನಿಜ. ನಷ್ಟವಾದುದು ಶೋಧಕನಿಗೆ. ತಮಿಳು, ತೆಲುಗು, ಮರಾಠಿಗಳ ಕಡತವನ್ನು ತೆರೆದವನು ಒಂದೇ ನೋಟದಲ್ಲಿ ಓದಿಕೊಳ್ಳುತ್ತಾನೆ. ಕನ್ನಡಿಗನು ತನ್ನ ನುಡಿಯ ಕಡತವನ್ನು ತೆರೆದರೆ ಅಂಕಿಗಳ ಕಾಡು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಸ್ಥಾನ ಪಡೆದ ಲಿಪಿಗೆ, ಬೇರೊಂದು ತಂತ್ರಾಂಶದ ದೋಷಕ್ಕಾಗಿ ಈ ಅಜ್ಞಾತವಾಸ ಬಂದಿತು. ರೋಗ ತಿದ್ದುವ ಯಂತ್ರದಲ್ಲಿ, ಪಥ್ಯ ಲಿಪಿಗೆ! ‘ಸಂಜೆ’ಯ ತಪ್ಪನ್ನು ಈ ಸಂಕೇತರೂಪ ಹುಟ್ಟಿಸಲಿಲ್ಲ, ಆದರೆ ಅದು ತಪ್ಪಿಗೆ ಕಾವಲಾಯಿತು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕನ್ನಡ ಅಕ್ಷರವನ್ನು ಗಣಕಕ್ಕೆ ಒಗ್ಗಿಸಿದವರಲ್ಲಿ ಮುಖ್ಯರಾದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಇಂದು ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಕನ್ನಡಿಗರಿಗೆ ಕಡತ, ತಿದ್ದುಪಡಿ, ಸಂಕೇತಸಂಖ್ಯೆಗಳು ದಿನನಿತ್ಯದ ಮಾತು. ವ್ಯಾಕರಣ ಬಲ್ಲ ಹಿರಿಯರು ಅದೇ ಊರುಗಳ ಸಂಘಗಳಲ್ಲಿದ್ದಾರೆ. ಇಬ್ಬರೂ ಒಂದೇ ಮೇಜಿನ ಸುತ್ತ ಕೂಡುವುದು ಅಪರೂಪ. ಅತ್ತ ಮನೆಯಲ್ಲಿ ಕನ್ನಡವನ್ನು ಕೇಳಿ, ಶಾಲೆಯಲ್ಲಿ ಬೇರೊಂದು ಭಾಷೆಯನ್ನು ಓದುವ ಮಕ್ಕಳಿಗೆ ಕನ್ನಡದ ಲಿಪಿ ಹೆಚ್ಚಾಗಿ ಕಾಣಸಿಗುವುದು ಫೋನಿನಲ್ಲಿಯೇ. ‘ಸಂಜೆ 1’ ಎಂದು ಓದಿದ ಮಗು ಅದನ್ನೇ ಕನ್ನಡವೆಂದು ನಂಬುತ್ತದೆ. ತಿದ್ದಲು ನೆರೆಮನೆಯಲ್ಲಿ ಕನ್ನಡವಿಲ್ಲ.

ಪಾಠಶೋಧನೆಗೆ ದೊಡ್ಡ ಸಿದ್ಧತೆ ಬೇಕಿಲ್ಲ. ಸಂಖ್ಯೆಗಳನ್ನು ಅಕ್ಷರಕ್ಕೆ ತಿರುಗಿಸಿದ ಒಂದು ಓದುಪ್ರತಿಯನ್ನು ಮಾಡಿಕೊಂಡು, ಇಂಗ್ಲಿಷಿನ ಟೀಕೆಯನ್ನು ಪಕ್ಕದಲ್ಲಿಟ್ಟು, ಇಬ್ಬರು ಮೂವರು ಕೂಡಿ ಓದಬೇಕು. ದೂರುಪಟ್ಟಿಗೆ ಕಳುಹಿಸುವಾಗ ಹಳೆಯ ಪಾಠ, ಹೊಸ ಪಾಠ, ಕಾರಣ ಈ ಮೂರನ್ನೂ ಕನ್ನಡದ ಅಕ್ಷರದಲ್ಲಿ ಬರೆದು ಇಂಗ್ಲಿಷಿನಲ್ಲಿ ವಿವರಿಸಬೇಕು. ಅಲ್ಲಿ ಅದನ್ನು ತೂಗುವವರಿಗೆ ಕನ್ನಡ ಬಾರದಿರಬಹುದು. ಬರಿಯ ‘ತಪ್ಪಾಗಿದೆ’ ಎಂಬ ಆಕ್ಷೇಪದಿಂದ ಕಾರ್ಯ ಸಾಗದು. ಮೊದಲ ಶೋಧನೆ ‘ಸಂಜೆ’ಯದೇ ಆಗಲಿ. ಅದರ ಹಿಂದೆಯೇ ಕಡತದಲ್ಲಿ ಅಕ್ಷರಗಳನ್ನು ಮರಳಿ ಇಡಬೇಕೆಂಬ ಕೋರಿಕೆ ಹೋಗಬೇಕು. ಅದಕ್ಕೂ ಮುನ್ನ ಇಂದಿನ ಈಮ್ಯಾಕ್ಸಿನಲ್ಲಿ ಕನ್ನಡದ ಕಡತವನ್ನು ತೆರೆದು ನೋಡಿದ ಪರೀಕ್ಷೆಯ ಫಲ ಕೈಯಲ್ಲಿರುವುದು ಒಳ್ಳೆಯದು.