ಹಗ್ಗದ ಸೇತುವೆಯ ಮೇಲೊಂದು ಲಾರಿ

ಆ್ಯಕ್ಷನ್ ಸಿನಿಮಾ ಅಂದರೆ ವೇಗ ಎಂದು ನಂಬಿದವರಿಗೆ ನಾನು ಮೊದಲು ತೋರಿಸುವುದು ವಿಲಿಯಂ ಫ್ರೀಡ್ಕಿನ್ ಅವರ ‘ಸಾರ್ಸರರ್’. 1977ರಲ್ಲಿ ಬಂದ ಚಿತ್ರ. ಅದರ ಅತಿ ರೋಚಕ ದೃಶ್ಯದಲ್ಲಿ ಲಾರಿಯೊಂದು ಮನುಷ್ಯನ ನಡಿಗೆಗಿಂತ ನಿಧಾನವಾಗಿ ಸಾಗುತ್ತದೆ. ಬೆನ್ನಟ್ಟಿ ಬರುವವರು ಯಾರೂ ಇಲ್ಲ, ಗುಂಡಿನ ಸದ್ದೂ ಇಲ್ಲ. ಆದರೂ ನೋಡುವವರ ಕೈ ಕುರ್ಚಿಯ ಹಿಡಿಯನ್ನು ಬಿಡುವುದಿಲ್ಲ.

ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಲ್ಯಾಟಿನ್ ಅಮೆರಿಕದ ಯಾವುದೋ ಮೂಲೆಯ ಊರು, ಪೋರ್ವೆನೀರ್. ಅಲ್ಲಿನ ಜನಕ್ಕೆಲ್ಲ ಒಂದೇ ಅನ್ನದಾತ, ಅಮೆರಿಕದ ತೈಲ ಕಂಪನಿ. ಅದರ ಬಾವಿಗೆ ಬೆಂಕಿ ಬೀಳುತ್ತದೆ. ಅದನ್ನು ಆರಿಸಬೇಕಾದರೆ ಪಕ್ಕದಲ್ಲೇ ಸ್ಫೋಟಕ ಸಿಡಿಸಬೇಕು. ಸ್ಫೋಟಕ ಇರುವುದು ಸುಮಾರು 200 ಮೈಲಿ ಆಚೆಯ ಉಗ್ರಾಣದಲ್ಲಿ, ನಡುವೆ ಕಾಡು. ಎರಡು ಲಾರಿಗಳಲ್ಲಿ ಅದನ್ನು ಸಾಗಿಸಲು ನಾಲ್ವರು ಒಪ್ಪುತ್ತಾರೆ. ನಾಲ್ವರೂ ಬೇರೆ ಬೇರೆ ದೇಶದಲ್ಲಿ ತಪ್ಪು ಮಾಡಿ ತಲೆ ತಪ್ಪಿಸಿಕೊಂಡು ಬಂದವರು.

ಆ ಸ್ಫೋಟಕದ ಸ್ವಭಾವ ಗೊತ್ತಿದ್ದರೆ ಚಿತ್ರದ ಭಯ ಇಮ್ಮಡಿಯಾಗುತ್ತದೆ. ನೈಟ್ರೋಗ್ಲಿಸರಿನ್ ಸಣ್ಣ ಪೆಟ್ಟಿಗೂ ಸಿಡಿಯುವ ಎಣ್ಣೆಯಂಥ ದ್ರವ. ಆಲ್ಫ್ರೆಡ್ ನೊಬೆಲ್ ಅದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಪಳಗಿಸಿದರು. 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಅದೇ. ಆದರೆ ವರ್ಷಗಟ್ಟಲೆ ಇಟ್ಟಲ್ಲೇ ಇಟ್ಟರೆ ಕಡ್ಡಿಗಳು ಬೆವರುತ್ತವೆ, ಒಳಗಿನ ದ್ರವ ಹೊರಗೆ ಜಿನುಗುತ್ತದೆ. ಚಿತ್ರದಲ್ಲಿ ಪೆಟ್ಟಿಗೆಗಳನ್ನು ಕಾಲಕಾಲಕ್ಕೆ ಮಗುಚಿ ಇಡುವವರೇ ಇರಲಿಲ್ಲ, ತಳದಲ್ಲೆಲ್ಲ ನೈಟ್ರೋಗ್ಲಿಸರಿನ್ ನಿಂತಿದೆ. ಹೆಲಿಕಾಪ್ಟರಿನ ನಡುಕವನ್ನು ಅದು ತಾಳದು. ಹಾಗಾಗಿ ಲಾರಿ, ಹಾಗಾಗಿ ಮರಳ ಹಾಸಿನ ಮೇಲೆ ಪೆಟ್ಟಿಗೆ, ಹಾಗಾಗಿ ಬಾಳಿನ ಆಸೆ ಬಿಟ್ಟ ನಾಲ್ವರು.

ಈಗ ಆ ಸೇತುವೆ. ಹಗ್ಗದಲ್ಲಿ ತೂಗುಬಿಟ್ಟ ಹಲಗೆಗಳು, ಅರ್ಧಕ್ಕರ್ಧ ಕೊಳೆತಿವೆ. ಕೆಳಗೆ ಉಕ್ಕಿದ ಹೊಳೆ, ಮೇಲೆ ಜಡಿಮಳೆ. ಒಬ್ಬ ಲಾರಿಯ ಒಳಗೆ, ಇನ್ನೊಬ್ಬ ಮುಂದೆ ಸೇತುವೆಯ ಮೇಲೆ, ಲಾರಿಗೆ ಮುಖಮಾಡಿ ಹಿಂದಕ್ಕೆ ಹೆಜ್ಜೆ ಇಡುತ್ತ ಕೈ ಸನ್ನೆ ಮಾಡುತ್ತಾನೆ. ಮುಂದಿನ ಗಾಲಿ ಹಲಗೆಯ ಮೇಲೆ ಏರಿದ ಕೂಡಲೇ ಸೇತುವೆ ಒಂದು ಬದಿಗೆ ವಾಲುತ್ತದೆ, ಲಾರಿಯೂ ಅದರ ಜೊತೆ ವಾಲುತ್ತದೆ. ಗಾಲಿ ಅಂಗುಲ ಅಂಗುಲವಾಗಿ ತಿರುಗುತ್ತದೆ. ಹಲಗೆ ಮುರಿಯುತ್ತದೆ. ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಹೊಳೆಯಲ್ಲಿ ಬುಡಸಮೇತ ತೇಲಿಬಂದ ಮರ ಸೇತುವೆಗೆ ಬಡಿಯುತ್ತದೆ. ಡ್ರೈವರಿಗೆ ಎದುರಿನವನು ಕಾಣುವುದಿಲ್ಲ, ಎದುರಿನವನ ಕೂಗು ಡ್ರೈವರಿಗೆ ಕೇಳುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ತಿರುವಿನಲ್ಲಿ ಕ್ಲೀನರ್ ಹುಡುಗ ಕೆಳಗಿಳಿದು ‘ಬರ್ಲಿ, ಬರ್ಲಿ’ ಅನ್ನುತ್ತ ಲಾರಿಯನ್ನು ಅಂಚಿನಿಂದ ಪಾರುಮಾಡುವುದನ್ನು ಕಂಡವರಿಗೆ ಇಲ್ಲಿ ಯಾವ ವಿವರಣೆಯೂ ಬೇಡ.

ಈ ದೃಶ್ಯದಲ್ಲಿ ಕಂಪ್ಯೂಟರಿನ ಕೈವಾಡ ಇಲ್ಲ, ಆಗ ಅದು ಸಾಧ್ಯವೂ ಇರಲಿಲ್ಲ. ಸೇತುವೆಯನ್ನು ರೂಪಿಸಿದವರು ‘ಲಾರೆನ್ಸ್ ಆಫ್ ಅರೇಬಿಯಾ’ದ ಕಲಾ ವಿನ್ಯಾಸಕ ಜಾನ್ ಬಾಕ್ಸ್. ಸೇತುವೆ ಮತ್ತು ಲಾರಿ ಎರಡನ್ನೂ ಮರೆಯಲ್ಲಿದ್ದ ಹೈಡ್ರಾಲಿಕ್ ಯಂತ್ರ ಮತ್ತು ಉಕ್ಕಿನ ಹಗ್ಗಗಳಿಂದ ಹಿಡಿತದಲ್ಲಿ ಇಡಲಾಗಿತ್ತು. ಮೊದಲು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸುಮಾರು 10 ಲಕ್ಷ ಡಾಲರ್ ಸುರಿದು ಕಟ್ಟಿದರು. ಚಿತ್ರೀಕರಣದ ಹೊತ್ತಿಗೆ ಆ ಹೊಳೆ ಬತ್ತಿಹೋಯಿತು. ಇಡೀ ವ್ಯವಸ್ಥೆಯನ್ನು ಮೆಕ್ಸಿಕೋದ ತುಷ್ಟೆಪೆಕ್ ಬಳಿಯ ಪಾಪಲೋಆಪಾನ್ ನದಿಗೆ ಸಾಗಿಸಿದರು. ಅಲ್ಲೂ ನೀರು ಇಳಿಯತೊಡಗಿತು. ಪಂಪು ಹಚ್ಚಿ ಮಳೆ ಸುರಿಸಿ, ಲಾರಿ ಹಲವು ಸಲ ಹೊಳೆಗೆ ಉರುಳಿ, ಅಂತೂ ದೃಶ್ಯ ಮುಗಿಯಿತು. ಈ ಒಂದು ಪ್ರಸಂಗಕ್ಕೇ ಸುಮಾರು 30 ಲಕ್ಷ ಡಾಲರ್ ಖರ್ಚಾಯಿತು. ಫ್ರೀಡ್ಕಿನ್ ಮಲೇರಿಯಾ ಹೊತ್ತು ಮನೆಗೆ ಮರಳಿದರು.

ಇಷ್ಟೆಲ್ಲ ಬೇಕಿತ್ತೇ? ಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಚಿತ್ರದ ಜೀವ ಇರುವುದು ಭಾರದಲ್ಲಿ. ಲಾರಿ ಎಷ್ಟು ತೂಗುತ್ತದೆ, ಕೆಸರು ಎಷ್ಟು ಹಿಡಿದೆಳೆಯುತ್ತದೆ, ಹಗ್ಗ ಎಷ್ಟು ತಾಳುತ್ತದೆ ಎಂಬುದು ನೋಡುವವರ ಮೈಗೇ ಗೊತ್ತಾಗಬೇಕು. ಇಂದಿನ ಚಿತ್ರಗಳಲ್ಲಿ ಕಾರುಗಳು ಗಗನದಲ್ಲಿ ಹಾರುತ್ತವೆ, ಆದರೆ ಅವುಗಳಿಗೆ ತೂಕವೇ ಇರುವುದಿಲ್ಲ. ತೂಕವಿಲ್ಲದ ವಸ್ತು ಬಿದ್ದೀತೆಂಬ ಭಯ ಎಲ್ಲಿಂದ ಹುಟ್ಟಬೇಕು?

ದಾರಿಗೆ ಅಡ್ಡಬಿದ್ದ ದೊಡ್ಡ ಮರದ ಪ್ರಸಂಗವೂ ಇದೇ ಕಸುಬಿನದು. ರಾಯ್ ಷೈಡರ್‌ನ ಸ್ಕ್ಯಾನ್ಲನ್ ಹುಚ್ಚು ಹಿಡಿದವನಂತೆ ಮಚ್ಚು ಬೀಸಿ ಪಕ್ಕದ ಪೊದೆ ಕಡಿಯತೊಡಗುತ್ತಾನೆ. ಕಾಸಿಂ ಮಾತ್ರ ಸುಮ್ಮನೆ ಮರವನ್ನೇ ನೋಡುತ್ತಾನೆ. ಜೆರುಸಲೇಮಿನಲ್ಲಿ ಬಾಂಬ್ ಇಟ್ಟು ಬಂದವನು ಅವನು. ಸ್ವಲ್ಪ ನೈಟ್ರೋಗ್ಲಿಸರಿನ್, ಒಂದು ಕಲ್ಲು, ತೂತಿನಿಂದ ಮರಳು ಸೋರುವ ಒಂದು ಚೀಲ, ಇಷ್ಟರಿಂದಲೇ ಅವನು ಸಿಡಿಸುವ ಉಪಾಯ ಹೂಡುತ್ತಾನೆ. ಮಾತಿಲ್ಲದೆ, ಕೈಕೆಲಸದಿಂದಲೇ ಒಬ್ಬನ ಗತಕಾಲವನ್ನು ತೋರಿಸಿದ ರೀತಿ ಅದು. ಅಮಿಡೂ ಎಂಬ ಮೊರಾಕ್ಕೊ ಮೂಲದ ನಟ ಈ ಪಾತ್ರವನ್ನು ಬಲು ಹದವಾಗಿ ಮಾಡಿದ್ದಾರೆ.

ಹಲವರು ಸೋಲುವುದು ಚಿತ್ರದ ಆರಂಭದಲ್ಲಿ. ವೆರಾಕ್ರೂಸ್‌ನಲ್ಲಿ ಕೊಲೆಗಡುಕ, ಜೆರುಸಲೇಮಿನಲ್ಲಿ ಬಾಂಬ್, ಪ್ಯಾರಿಸ್‌ನಲ್ಲಿ ವಂಚನೆಗೆ ಸಿಕ್ಕಿಬಿದ್ದ ಶ್ರೀಮಂತ, ನ್ಯೂಜೆರ್ಸಿಯಲ್ಲಿ ಚರ್ಚಿನ ಹಣದ ದರೋಡೆ. ನಾಲ್ಕು ಬಿಡಿ ತುಣುಕುಗಳು, ಕಾಲು ಗಂಟೆಯವರೆಗೆ ಹೆಚ್ಚುಕಡಿಮೆ ಇಂಗ್ಲಿಷೇ ಇಲ್ಲ. ಯಾರನ್ನು ಮೆಚ್ಚಬೇಕೋ ತಿಳಿಯುವುದಿಲ್ಲ. ನನಗೆ ಪ್ಯಾರಿಸ್ ಭಾಗ ಬಹಳ ಇಷ್ಟ. ವಿವಾಹ ವಾರ್ಷಿಕೋತ್ಸವಕ್ಕೆ ಹೆಂಡತಿ ಕೊಟ್ಟ ಕೈಗಡಿಯಾರವನ್ನು ಬ್ರೂನೋ ಕ್ರೆಮರ್‌ನ ಪಾತ್ರ ಕಾಡಿನವರೆಗೂ ಕಟ್ಟಿಕೊಂಡು ಬರುತ್ತದೆ. ಆ ಗಡಿಯಾರದ ಬೆಲೆ ನಮಗೆ ಗೊತ್ತಾಗಬೇಕಾದರೆ ಆ ಮುಂಜಾವಿನ ಮಾತುಕತೆಯನ್ನು ನಾವು ಕೇಳಿರಲೇಬೇಕು.

‘ಸಾರ್ಸರರ್’ಗೆ ಮೂಲವಾದ ಜಾರ್ಜ್ ಆರ್ನೋ ಅವರ ಕಾದಂಬರಿಯನ್ನು ಆರಿ-ಜಾರ್ಜ್ ಕ್ಲೂಜೋ 1953ರಲ್ಲೇ ‘ದಿ ವೇಜಸ್ ಆಫ್ ಫಿಯರ್’ ಆಗಿ ತೆರೆಗೆ ತಂದಿದ್ದರು. ಅದು ಕಾನ್ ಚಿತ್ರೋತ್ಸವದಲ್ಲಿ ಪರಮೋಚ್ಚ ಪ್ರಶಸ್ತಿ ಗೆದ್ದ ಮಹಾಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಕ್ಲೂಜೋ ಅವರ ಚಾಲಕರು ಹರಟುತ್ತಾರೆ, ಜಗಳವಾಡುತ್ತಾರೆ, ಒಬ್ಬರನ್ನೊಬ್ಬರು ಹಚ್ಚಿಕೊಳ್ಳುತ್ತಾರೆ. ಫ್ರೀಡ್ಕಿನ್ ಅವರಲ್ಲಿ ಆ ಬೆಸುಗೆ ಇಲ್ಲ. ಆದರೆ ಊರಿನ ಚಿತ್ರಣದಲ್ಲಿ ಫ್ರೀಡ್ಕಿನ್ ಒಂದು ಕೈ ಮೇಲು. ಗೋಡೆ ಗೋಡೆಗೂ ಸರ್ವಾಧಿಕಾರಿಯ ಪೋಸ್ಟರ್, ಕೂಲಿಯಲ್ಲೂ ಪಾಲು ಕೇಳುವ ಪೊಲೀಸ್, ಬೆಂಕಿಯಲ್ಲಿ ಸುಟ್ಟ ಕಾರ್ಮಿಕರ ಹೆಣಗಳು ಊರಿಗೆ ಬಂದಾಗ ಕೆರಳುವ ಜನ. ಆ ನಾಲ್ವರು ಯಾಕೆ ಸಾವಿನ ಲಾರಿ ಹತ್ತಿದರು ಎಂಬುದಕ್ಕೆ ಅಲ್ಲೇ ಉತ್ತರವಿದೆ.

ಚಿತ್ರ ಸೋತಿತು. ದೆವ್ವದ ಚಿತ್ರ ‘ಎಕ್ಸಾರ್ಸಿಸ್ಟ್’ ಮಾಡಿದವರ ಹೊಸ ಚಿತ್ರ, ಅದಕ್ಕೆ ಮಾಂತ್ರಿಕನ ಹೆಸರು ಅಂದಮೇಲೆ ಜನ ದೆವ್ವ ಹುಡುಕಿಕೊಂಡು ಬಂದರು. ‘ಸಾರ್ಸರರ್’ ಅನ್ನುವುದು ಬರೀ ಒಂದು ಲಾರಿಯ ಹೆಸರು. ಫ್ರೀಡ್ಕಿನ್ ಬಯಸಿದ್ದ ನಟ ಸ್ಟೀವ್ ಮೆಕ್ವೀನ್ ಕೈತಪ್ಪಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಬಿಡುಗಡೆಗೆ ಒಂದು ತಿಂಗಳ ಮೊದಲು, ಮೇ 25ರಂದು ‘ಸ್ಟಾರ್ ವಾರ್ಸ್’ ಬಂದಿತ್ತು. ಹಾಲಿವುಡ್‌ನ ಚೈನೀಸ್ ಥಿಯೇಟರಿನಲ್ಲಿ ಅದನ್ನು ತೆಗೆದು ‘ಸಾರ್ಸರರ್’ ಹಾಕಿದರು. ಆಗಸ್ಟ್ ಆರಂಭದಲ್ಲಿ ‘ಸ್ಟಾರ್ ವಾರ್ಸ್’ ಅದೇ ತೆರೆಗೆ ಮರಳಿತು. ಸುಮಾರು 2.2 ಕೋಟಿ ಡಾಲರ್ ನುಂಗಿದ ಚಿತ್ರ ಅದರ ಅರ್ಧವನ್ನೂ ದುಡಿಯಲಿಲ್ಲ. ಹೊರದೇಶಗಳ ವಿತರಕರು ಆರಂಭದ ತುಣುಕುಗಳನ್ನು ಕತ್ತರಿಸಿ, ಹಿನ್ನೋಟದ ದೃಶ್ಯಗಳಾಗಿ ನಡುನಡುವೆ ತುರುಕಿ, ಹೆಸರನ್ನೂ ಬದಲಿಸಿದರು. ಒಂದು ಕೃತಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಸಂಗೀತದ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿಯಾಗದು. ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡ ಚಿತ್ರದ ಒಂದು ದೃಶ್ಯವನ್ನೂ ನೋಡದೆ, ಚಿತ್ರಕತೆ ಓದಿಯೇ ಸಿಂಥಸೈಜರಿನಲ್ಲಿ ನುಡಿಸಿ ಟೇಪು ಕಳಿಸಿತು. ಫ್ರೀಡ್ಕಿನ್ ಅದನ್ನು ಬಹಳ ಜಿಪುಣತನದಿಂದ ಬಳಸಿದ್ದಾರೆ. ಸೇತುವೆಯ ಮೇಲೆ ಕೇಳುವುದು ಮಳೆ, ಎಂಜಿನ್, ಹಗ್ಗದ ನರಳಾಟ ಮಾತ್ರ. ಆಸ್ಕರ್‌ಗೆ ಚಿತ್ರ ನಾಮನಿರ್ದೇಶನಗೊಂಡದ್ದು ಶಬ್ದ ವಿಭಾಗವೊಂದರಲ್ಲೇ. ಕೊನೆಯ ಹಂತದಲ್ಲಿ ನ್ಯೂಮೆಕ್ಸಿಕೋದ ಬಿಸ್ಟಿಯ ವಿಚಿತ್ರ ಬಂಡೆಗಳ ನಡುವೆ ಲಾರಿ ಸಾಗುವಾಗ ಆ ಸಂಗೀತ ಸಂಪೂರ್ಣ ಬಿಚ್ಚಿಕೊಳ್ಳುತ್ತದೆ. ಕೆಲವರಿಗೆ ಆ ಭಾಗ ಎಳೆದಂತೆ ಕಂಡಿದೆ. ನಿದ್ದೆಗೆಟ್ಟ ಡ್ರೈವರಿನ ಮನಸ್ಸನ್ನು ತೋರಿಸಲು ಅದಕ್ಕಿಂತ ಚಿಕ್ಕ ದಾರಿ ನನಗೆ ಕಾಣುವುದಿಲ್ಲ.

ಫ್ರೀಡ್ಕಿನ್ ಎರಡು ಸ್ಟುಡಿಯೋಗಳ ಮೇಲೆ ದಾವೆ ಹೂಡಿ ಚಿತ್ರದ ಹಕ್ಕಿನ ಗೊಂದಲ ಬಿಡಿಸಿದರು. ಸರಿಪಡಿಸಿದ ಪ್ರತಿ 2013ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಂದುಕೊಂಡದ್ದಕ್ಕೆ ಅತಿ ಹತ್ತಿರ ಬಂದ ತಮ್ಮ ಚಿತ್ರ ಇದೇ ಎಂದು, 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅವರು ಹೇಳುತ್ತಿದ್ದರು. ನೋಡುವುದಾದರೆ ಆ ಪ್ರತಿಯನ್ನೇ ಹುಡುಕಿ, 121 ನಿಮಿಷದ್ದು. ಮೊಬೈಲಿನಲ್ಲಿ ಬೇಡ. ಸಾಧ್ಯವಾದಷ್ಟು ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇರಲಿ. ಮೊದಲ ಕಾಲು ಗಂಟೆಯಲ್ಲಿ ಎದ್ದು ಹೋಗಬೇಡಿ.