ಮೈನಸ್ ಚಿಹ್ನೆಗೆ ಎಷ್ಟು ಅರ್ಥ?

ಕಂಪ್ಯೂಟರ್ ಯಂತ್ರಾಂಶದ ಕೈಪಿಡಿಗಳಲ್ಲಿ ಪೀಠಿಕೆಯ ಜೊತೆಗೇ ಬರುವ ಮುದ್ರಣ ಸಂಕೇತಗಳ ಕೋಷ್ಟಕವನ್ನು ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ ಎಂಬುದು ಎಂಜಿನಿಯರುಗಳಲ್ಲಿ ಬೇರೂರಿದ ನಂಬಿಕೆ. ಸರ್ಕ್ಯೂಟ್ ನಕ್ಷೆ ಸರಿಯಿದ್ದರೆ ಸಾಕು, ಅಕ್ಷರ ದಪ್ಪವೋ ಓರೆಯೋ ಎಂಬುದು ಅಚ್ಚಿನ ಮನೆಯವರ ತಲೆನೋವು ಎನ್ನುತ್ತಾರೆ. ನಾನಿದನ್ನು ಒಪ್ಪಲಾರೆ. ಇಂಥ ಪುಸ್ತಕದಲ್ಲಿ ಅಕ್ಷರದ ರೂಪ ವ್ಯಾಕರಣದ ಕೆಲಸ ಮಾಡುತ್ತದೆ. ಅದು ಸಡಿಲವಾದರೆ ನಕ್ಷೆಯನ್ನೂ ತಪ್ಪಾಗಿ ಓದುತ್ತೇವೆ.

ಮಾದರಿ ಎಂದು ಎಲ್ಲರೂ ಎತ್ತಿ ತೋರಿಸುವ ಗ್ರಂಥವನ್ನೇ ತೆಗೆದುಕೊಳ್ಳೋಣ: 1981ರ ಐಬಿಎಂ ಪಿಸಿಯ ‘ಟೆಕ್ನಿಕಲ್ ರೆಫರೆನ್ಸ್’. ಸರ್ಕ್ಯೂಟ್ ನಕ್ಷೆಗಳ ಜೊತೆಗೆ ಬಯಾಸ್‌ನ ಲಿಸ್ಟಿಂಗನ್ನೂ ಅದು ಬಿಚ್ಚಿಟ್ಟಿತು. ಆ ಮುಕ್ತತೆಗೆ ಸಂದ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದರ ವಿಸ್ತರಣಾ ಸ್ಲಾಟಿನ ಪಿನ್ ಪಟ್ಟಿಯನ್ನು ನೋಡಿ. ‘ಬಿ’ ಬದಿಯ 7ನೇ ಪಿನ್ನಿಗೆ -12 ವೋಲ್ಟ್ ಎಂದಿದೆ. ನಾಲ್ಕು ಪಿನ್ ಕೆಳಗೆ, 11ರಲ್ಲಿ, ಮೆಮೊರಿಗೆ ಬರೆಯುವ ಸಿಗ್ನಲ್‌ನ ಹೆಸರಿಗೂ ಹಿಂದೆ ಅದೇ ಮೈನಸ್. ಮೊದಲನೆಯದು ನಿಜವಾದ ಋಣ ವೋಲ್ಟೇಜು. ಎರಡನೆಯದು, ಸಿಗ್ನಲ್ ‘ಲೋ’ ಆದಾಗ ಕೆಲಸ ನಡೆಯುತ್ತದೆ ಎಂಬ ತರ್ಕದ ಗುರುತು. ಆ ತಂತಿಯಲ್ಲಿ ಋಣ ವೋಲ್ಟೇಜಿನ ಸುಳಿವೂ ಇಲ್ಲ. ಬಲ್ಲವರಿಗೆ ಗೊಂದಲವಾಗದು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬಲ್ಲವರಿಗೆ ಕೈಪಿಡಿ ಯಾತಕ್ಕೆ?

ಸನ್ ಮೈಕ್ರೋಸಿಸ್ಟಮ್ಸ್ ತನ್ನ ಸರ್ವರ್ ಕೈಪಿಡಿಗಳಲ್ಲಿ ಹೆಚ್ಚು ಶಿಸ್ತು ತೋರಿತು. ಪರದೆಯಲ್ಲಿ ಮೂಡುವುದಕ್ಕೆ ಟೈಪ್‌ರೈಟರಿನಂಥ ಅಕ್ಷರ, ನಾವು ಒತ್ತಬೇಕಾದ್ದಕ್ಕೆ ಅದರದೇ ದಪ್ಪ ರೂಪ. ಇಲ್ಲಿಯವರೆಗೆ ಸೊಗಸು. ಎಡವಿದ್ದು ಓರೆ ಅಕ್ಷರದಲ್ಲಿ. ಪುಸ್ತಕದ ಹೆಸರು, ಹೊಸ ಪಾರಿಭಾಷಿಕ, ಒತ್ತುಕೊಟ್ಟ ಮಾತು, ಜೊತೆಗೆ ಓದುಗ ತನ್ನ ಫೈಲಿನ ಹೆಸರನ್ನು ತುಂಬಬೇಕಾದ ಜಾಗ, ನಾಲ್ಕಕ್ಕೂ ಅದೊಂದೇ ರೂಪ. ಮೊದಲ ಮೂರನ್ನು ಗಮನಿಸದಿದ್ದರೆ ನಷ್ಟವಿಲ್ಲ. ನಾಲ್ಕನೆಯದನ್ನು ಗಮನಿಸದಿದ್ದರೆ ಕಮ್ಯಾಂಡೇ ನಡೆಯುವುದಿಲ್ಲ.

ಈಗ ಎಲ್ಲವೂ ಪಿಡಿಎಫ್, ಬೇಕಾದ್ದನ್ನು ಹುಡುಕಿ ಕಾಪಿ ಮಾಡಿದರಾಯಿತು, ಸಂಕೇತಗಳ ಗೊಡವೆಯೇಕೆ ಎಂಬ ವಾದವೂ ಇದೆ. ನನ್ನ ಪಕ್ಷಕ್ಕೆ ಅದೇ ಗಟ್ಟಿ ಸಾಕ್ಷಿ. ಚಿಪ್‌ಗಳ ಡೇಟಾಶೀಟಿನಲ್ಲಿ ಹೆಸರಿನ ತಲೆಯ ಮೇಲೊಂದು ಗೆರೆ ಎಳೆದರೆ ಆ ಸಿಗ್ನಲ್ ‘ಆ್ಯಕ್ಟಿವ್ ಲೋ’. ಬರಿ ಪಠ್ಯವಾಗಿ ಕಾಪಿ ಮಾಡುವಾಗ ಗೆರೆ ಸುಲಭವಾಗಿ ಉದುರುತ್ತದೆ, ಅರ್ಥ ತಿರುಗಿ ಬೀಳುತ್ತದೆ. ಇಂಟೆಲ್‌ನವರು ಹೆಸರಿನ ಕೊನೆಗೆ ಹಚ್ಚುವ # ಚಿಹ್ನೆ ನೋಡಲು ಒರಟು, ಆದರೆ ಎಲ್ಲಿಗೆ ಕಾಪಿ ಮಾಡಿದರೂ ಉಳಿಯುತ್ತದೆ. ಯುನಿಕ್ಸ್ ಕೈಪಿಡಿಗಳಲ್ಲಿ ಐಚ್ಛಿಕ ಭಾಗಕ್ಕೆ ಹಾಕುವ ಚೌಕಾವರಣವೂ ಹಾಗೆಯೇ. (ಚಿಹ್ನೆಗಳಿಗೂ ಅಪಾಯ ತಪ್ಪಿದ್ದಲ್ಲ: ತುಂಬಬೇಕಾದ ಜಾಗಕ್ಕೆ ಹಾಕಿದ < ಅನ್ನು ಹಾಗೆಯೇ ಟೈಪಿಸಿದರೆ ಶೆಲ್ ಅದನ್ನು ಫೈಲ್‌ನಿಂದ ಓದು ಎಂಬ ಆಜ್ಞೆಯಾಗಿ ತಿಳಿಯುತ್ತದೆ.)

ಕನ್ನಡದಲ್ಲಿ ಇಂಥ ಕೈಪಿಡಿ ಬರೆಯುವವರು ಇಂಗ್ಲಿಷಿನ ಕೋಷ್ಟಕವನ್ನು ಇದ್ದಹಾಗೇ ಇಳಿಸಿಕೊಳ್ಳಬಾರದು. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವಿಲ್ಲ. ಓರೆ ಎಂದು ಸಾಮಾನ್ಯವಾಗಿ ಸಿಗುವುದು ಸಾಫ್ಟ್‌ವೇರ್ ವಾಲಿಸಿದ ನೇರ ಅಕ್ಷರ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಒತ್ತಕ್ಷರದ ಸಂದುಗಳು ಮುಚ್ಚಿಕೊಳ್ಳುತ್ತವೆ. ಅಳಿಸಿಹೋಗದ ಚಿಹ್ನೆಗಳನ್ನು ಆರಿಸಿಕೊಳ್ಳಿ, ಒಂದಕ್ಕೆ ಒಂದೇ ಕೆಲಸ ಕೊಡಿ.