ಹಿಂದಕ್ಕಿಟ್ಟ ಹೆಜ್ಜೆ

'ಮೇರಿ ಕೋಮ್' ಸಿನಿಮಾ 2014ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನವೇ ತೆರೆ ಕಂಡಿತು. ಪ್ರಿಯಾಂಕಾ ಚೋಪ್ರಾ ಮೈಯನ್ನೇನೋ ಚೆನ್ನಾಗಿ ಹುರಿಗೊಳಿಸಿದ್ದರು. ಆದರೆ ಕೊನೆಯ ಹೊತ್ತಿಗೆ ಅಲ್ಲಿ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ, ಇಲ್ಲಿ ರಿಂಗಿನಲ್ಲಿ ತಾಯಿಯ ಗುದ್ದಾಟ, ಎರಡನ್ನೂ ಹೆಣೆದು ನಮ್ಮ ಕೈಗೆ ಕರವಸ್ತ್ರ ಕೊಟ್ಟುಬಿಟ್ಟರು. ಹೆಂಗಸು ಏನೇ ಸಾಧಿಸಲಿ, ಅದರ ಮೇಲೆ ತಾಯ್ತನದ ಮೊಹರು ಒತ್ತದಿದ್ದರೆ ಸಿನಿಮಾದವರಿಗೆ ಸಮಾಧಾನವಿಲ್ಲ. ಆ ಕೈಗೆ ಕಸುಬು ಎಲ್ಲಿಂದ ಬಂತು, ಕಾಲು ಯಾವಾಗ ಎತ್ತ ಸರಿಯಿತು ಎಂಬುದು ಅವರಿಗೆ ಬೇಡವೇ ಬೇಡ.

ಇನ್ನೊಂದು ತಕರಾರೂ ಇದೆ. ಸಿನಿಮಾದ ಕಥೆ 2008ರ ನಿಂಗ್ಬೊ ವಿಶ್ವ ಚಾಂಪಿಯನ್‌ಷಿಪ್ ಗೆಲುವಿಗೆ ನಿಂತುಹೋಗುತ್ತದೆ. ಆಗ ಮೇರಿಗೆ ಇಪ್ಪತ್ತೈದರ ಆಸುಪಾಸು. ಆ ವಯಸ್ಸಿನಲ್ಲಿ ಗೆಲ್ಲುವುದು ದೊಡ್ಡದೇ, ಇಲ್ಲವೆನ್ನುವುದಿಲ್ಲ. ಆದರೆ ಮೂವತ್ತೈದು ದಾಟಿದ ಮೇಲೆ, ತನಗಿಂತ ಹದಿಮೂರು ಹದಿನೈದು ವರ್ಷ ಚಿಕ್ಕವರು ಉಸಿರು ಬಿಡಲೂ ಅವಕಾಶ ಕೊಡದಂತೆ ಮೇಲೆ ಬಿದ್ದಾಗ ಏನು ಮಾಡಿದರು? ನೋಡಬೇಕಾದ ಕಥೆ ಅದು.

ಗುದ್ದಾಟದ ಉಸಾಬರಿ ಬಿ.ಎ., ಬಿ.ಎಡ್. ಟೀಚರಮ್ಮನಿಗೇಕೆ ಎಂದು ನೀವು ಕೇಳಬಹುದು. ನಾನು ಪಾಠ ಹೇಳುವುದು ಪೀಣ್ಯದ ಕಡೆ. ನನ್ನ ಮಕ್ಕಳ ತಾಯಂದಿರಲ್ಲಿ ಬಹಳ ಮಂದಿ ಗಾರ್ಮೆಂಟ್ಸಿಗೆ ಹೋಗುವವರು. ಅಲ್ಲಿ ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್. ಇಪ್ಪತ್ತರ ಹುಡುಗಿ ಎಷ್ಟು ಹೊಲಿಯುತ್ತಾಳೋ ನಲವತ್ತೈದರವಳೂ ಅಷ್ಟೇ ಹೊಲಿಯಬೇಕು. ಮೆಷೀನಿಗೂ ಸೂಪರ್‌ವೈಸರನಿಗೂ ವಯಸ್ಸು ಕಾಣಿಸುವುದಿಲ್ಲ. ಅಂಥ ಒಬ್ಬ ತಾಯಿ ಮಗನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಬಂದವರು ಹೇಳಿದರು: "ಹುಡುಗೀರು ಬೆಳಿಗ್ಗೆ ಬೆಳಿಗ್ಗೇನೇ ಓಡ್ತಾರೆ ಮಿಸ್, ನಾನು ಓಡಲ್ಲ. ಸಂಜೆ ಹೊತ್ತಿಗೆ ಲೆಕ್ಕ ಸಮ ಇರುತ್ತೆ." ಹೇಗೆಂದರೆ, ಬಂಡಲನ್ನು ಎಡಗೈಗೆ ಎಟುಕುವ ಹಾಗೆ ಮೊದಲೇ ಜೋಡಿಸಿಟ್ಟುಕೊಳ್ಳುತ್ತಾರಂತೆ. ಪೀಸು ಪೀಸಿಗೂ ದಾರ ಕತ್ತರಿಸಲು ಕೈ ಎತ್ತುವುದಿಲ್ಲವಂತೆ. ಸಾಲಾಗಿ ಹೊಲಿದು ಆಮೇಲೆ ಒಟ್ಟಿಗೆ ಬಿಡಿಸುತ್ತಾರಂತೆ. ಮೇರಿಯ ಕೊನೆಯ ವರ್ಷಗಳ ಪಂದ್ಯಗಳನ್ನು ಆ ಮಾತಿನ ಬೆಳಕಿನಲ್ಲಿ ನೋಡಿ, ಬೇರೆಯೇ ಕಾಣುತ್ತವೆ.

ಬಾಕ್ಸಿಂಗಿನಲ್ಲಿ ಮುನ್ನುಗ್ಗುವವರದೇ ಒಂದು ಬಗೆ. ಗಂಟೆ ಹೊಡೆದ ಕ್ಷಣದಿಂದ ಮುಂದೆ ಮುಂದೆ ಬರುತ್ತಲೇ ಇರುತ್ತಾರೆ. ದಾರಿ ಅಡ್ಡಗಟ್ಟಿ ಎದುರಾಳಿಯನ್ನು ಹಗ್ಗಕ್ಕೆ ಒತ್ತುತ್ತಾರೆ. ಒಂದೊಂದು ಏಟೂ ಭಾರಿಯಾಗಿರಬೇಕೆಂದಿಲ್ಲ, ಬಿಡುವಿಲ್ಲದಿದ್ದರೆ ಸಾಕು. ವಯಸ್ಸಾದವರಿಗೆ ಇದೇ ಕಷ್ಟ. ಕೈಗಿಂತ ಮೊದಲು ಮುಪ್ಪಾಗುವುದು ಕಾಲು. ಇದರ ಜೊತೆಗೆ ನಿಯಮಗಳೂ ಬದಲಾದವು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮೇರಿ ಕಂಚು ಗೆದ್ದಾಗ ಹೆಂಗಸರಿಗೆ ಎರಡೆರಡು ನಿಮಿಷದ ನಾಲ್ಕು ಸುತ್ತು, ನಡುವೆ ಮೂರು ಬಿಡುವು. ಆಮೇಲೆ ಅದು ಮೂರು ಮೂರು ನಿಮಿಷದ ಮೂರು ಸುತ್ತಾಯಿತು. ಆಟ ಒಂದು ನಿಮಿಷ ಬೆಳೆಯಿತು, ಕೂತು ನೀರು ಕುಡಿಯುವ ಬಿಡುವು ಒಂದು ಕಡಿಮೆಯಾಯಿತು.

ಇದಕ್ಕೆ ಮೇರಿ ಕಂಡುಕೊಂಡ ಉತ್ತರ ಹಿಂದಕ್ಕಿಡುವ ಒಂದು ಚಿಕ್ಕ ಹೆಜ್ಜೆ. ಓಡಿಹೋಗುವ ಹೆಜ್ಜೆಯಲ್ಲ, ಎದುರಾಳಿಯ ಮುಷ್ಟಿ ಗೇಣುದ್ದ ಮೊದಲೇ ಗಾಳಿಯಲ್ಲಿ ಮುಗಿಯುವಷ್ಟು ಮಾತ್ರ. ಮೇರಿ ಎಡಗೈಯವರು, ಬಲಗಾಲು ಮುಂದಿಟ್ಟು ನಿಲ್ಲುವವರು. ನುಗ್ಗಿ ಬಂದವಳ ಕೈ ಚಾಚಿಕೊಂಡೇ ಇರುವಾಗ ಇವರ ಎಡಗೈ ನೇರವಾಗಿ ಹೋಗಿ ಬರುತ್ತಿತ್ತು. ಅವಳು ಎರಡನೆಯದಕ್ಕೆ ಸಜ್ಜಾಗುವುದರೊಳಗೆ ಪಕ್ಕಕ್ಕೆ ಜಾರುವುದು, ಜಾರಲಾಗದಿದ್ದರೆ ತಬ್ಬಿ ಹಿಡಿಯುವುದು. ರೆಫರಿ ಬಂದು ಬಿಡಿಸುವಷ್ಟರಲ್ಲಿ ಎರಡು ಉಸಿರು ಲಾಭ. 2018ರ ನವೆಂಬರ್ 24ರಂದು ದೆಹಲಿಯಲ್ಲಿ 48 ಕಿಲೋ ವಿಭಾಗದ ಫೈನಲ್‌ನಲ್ಲಿ ಉಕ್ರೇನಿನ ಹನ್ನಾ ಒಖೋಟಾ ಎಂಬ ಇಪ್ಪತ್ತೆರಡರ ಎತ್ತರದ ಹುಡುಗಿಯನ್ನು 5-0ಯಿಂದ ಸೋಲಿಸಿ ಆರನೆಯ ವಿಶ್ವ ಚಿನ್ನ ಗೆದ್ದರು. ಮರುದಿನ ಎಲ್ಲೆಲ್ಲೂ 'ಛಲ', 'ಮೂರು ಮಕ್ಕಳ ತಾಯಿ' ಎಂಬ ಹೊಗಳಿಕೆ. ಮೇರಿ ದುಡಿದದ್ದಕ್ಕಿಂತ ಉಳಿಸಿದ್ದೇ ಹೆಚ್ಚು ಎಂದು ಬರೆದವರು ನನಗಂತೂ ಸಿಗಲಿಲ್ಲ.

ಮಹಮ್ಮದ್ ಅಲಿಯ ವಿಷಯದಲ್ಲಿ ಮಾತ್ರ ಇದೇ ಜಾಣತನವನ್ನು ಲೋಕವೆಲ್ಲ ಕೊಂಡಾಡಿತು. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ 32ರ ಅಲಿ 25ರ ಜಾರ್ಜ್ ಫೋರ್‌ಮನ್ ಎದುರು ಹಗ್ಗಕ್ಕೆ ಒರಗಿ ನಿಂತು, ಅವನು ಹೊಡೆದು ಹೊಡೆದು ಸುಸ್ತಾಗುವವರೆಗೆ ಕಾದು, ಎಂಟನೆಯ ಸುತ್ತಿನಲ್ಲಿ ಕೆಡವಿದ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅದು 15 ಸುತ್ತಿನ ಪಂದ್ಯ. ಅಲಿಗೆ ಸುತ್ತುಗಳನ್ನು ಸಾಲ ಕೊಟ್ಟು ಬಡ್ಡಿ ಸಮೇತ ವಸೂಲು ಮಾಡುವ ಪುರುಸೊತ್ತಿತ್ತು. ಮೇರಿಗಿದ್ದದ್ದು ಒಟ್ಟು ಮೂರೇ ಸುತ್ತು. ತೀರ್ಪಿನ ಕ್ರಮವೂ ಬೇರೆಯಾಗಿತ್ತು. ಮೊದಲು ಬಿದ್ದ ಏಟುಗಳನ್ನು ಗುಂಡಿ ಒತ್ತಿ ಎಣಿಸುತ್ತಿದ್ದರು. 2013ರಿಂದ ಈಚೆಗೆ ತೀರ್ಪುಗಾರರು ಸುತ್ತು ಗೆದ್ದವರಿಗೆ ಹತ್ತು, ಸೋತವರಿಗೆ ಒಂಬತ್ತು ಅಥವಾ ಕಡಿಮೆ ಅಂಕ ಕೊಡುತ್ತಾರೆ. ಅಂಥಲ್ಲಿ ಹಿಂದಕ್ಕಿಟ್ಟ ಹೆಜ್ಜೆ ಒಬ್ಬರ ಕಣ್ಣಿಗೆ ಉಪಾಯ, ಇನ್ನೊಬ್ಬರ ಕಣ್ಣಿಗೆ ಹಿಂಜರಿಕೆ.

ಟೋಕಿಯೊದಲ್ಲಿ ಆದದ್ದು ಇದೇ. 2021ರ ಜುಲೈನಲ್ಲಿ ಮೊದಲ ಪಂದ್ಯದಲ್ಲಿ ಡೊಮಿನಿಕನ್ ಗಣರಾಜ್ಯದ ಮಿಗೆಲಿನಾ ಹೆರ್ನಾಂಡೆಸ್ ಎದುರು ಲೆಕ್ಕಾಚಾರ ಫಲಿಸಿತು, 4-1. ನಾಲ್ಕು ದಿನ ಕಳೆದು ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ ಗಂಟೆ ಹೊಡೆದೊಡನೆ ಮೇಲೆರಗಿದರು. ಮೇರಿ ಎಂದಿನಂತೆ ಮೊದಲ ಸುತ್ತನ್ನು ಎದುರಾಳಿಯನ್ನು ಓದಲು ಇಟ್ಟುಕೊಂಡರು. ಐವರಲ್ಲಿ ನಾಲ್ವರು ಆ ಸುತ್ತನ್ನು ವಲೆನ್ಸಿಯಾಗೆ ಬರೆದರು. ಮುಂದಿನ ಎರಡು ಸುತ್ತೂ ಮೇರಿಯವೇ, ಆದರೂ ಒಟ್ಟು ಲೆಕ್ಕದಲ್ಲಿ 3-2ಕ್ಕೆ ಸೋಲು. ತೀರ್ಪು ಅನ್ಯಾಯವೆಂದು ಬಹಳ ಜನ ಕೂಗಾಡಿದರು. ನನಗೆ ಹಾಗನ್ನಿಸದು. ಮೂರು ಸುತ್ತಿನ ಆಟದಲ್ಲಿ ಒಂದನ್ನು ಓದಿಗೆ ಎತ್ತಿಟ್ಟರೆ, ಪರೀಕ್ಷೆ ಬರೆಯಲು ಉಳಿಯುವ ಹೊತ್ತು ಬಹಳ ಸಣ್ಣದು. ಆ ಮಿತವ್ಯಯಕ್ಕೆ ಬೆಲೆ ಇತ್ತು, ಅಂದು ಅದನ್ನು ತೆರಬೇಕಾಯಿತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನು ಬಿಡುವಂತಿಲ್ಲ. 2019ರಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ಮೇರಿಯನ್ನು ಆಯ್ಕೆ ಪಂದ್ಯವಿಲ್ಲದೆಯೇ ಕಳಿಸುವ ಮಾತು ಬಂದಾಗ ನಿಜಾಮಾಬಾದಿನ ನಿಖತ್ ಜರೀನ್ ಕ್ರೀಡಾ ಸಚಿವರಿಗೇ ಪತ್ರ ಬರೆದು ತನಗೊಂದು ಅವಕಾಶ ಕೇಳಿದಳು. ಆಗ ಅವಳಿಗೆ 23. ಮೇರಿಯನ್ನೇ ಆದರ್ಶವಾಗಿಟ್ಟುಕೊಂಡು ಬೆಳೆದ ಹುಡುಗಿ. ಡಿಸೆಂಬರ್ 28ರಂದು ದೆಹಲಿಯಲ್ಲಿ ಪಂದ್ಯ ನಡೆದೇಬಿಟ್ಟಿತು. ನಿಖತ್ ಮುನ್ನುಗ್ಗಿದಳು, ಮೇರಿ ಹಿಂದೆ ಸರಿದು ಹೊಡೆದರು, ತಬ್ಬಿದರು, ಮತ್ತೆ ಹೊಡೆದರು. ಸ್ಪಷ್ಟವಾಗಿ ತಾಗಿದ ಏಟುಗಳು ಕಡಿಮೆ, ತಾಗಿದವು ಮೇರಿಯವು. 9-1. ಅಲ್ಲಿಗೆ ಮುಗಿಯಬೇಕಿತ್ತು. ಹುಡುಗಿಯ ಕೈಯನ್ನು ಮೇರಿ ಕುಲುಕಲೇ ಇಲ್ಲ. ಮೊದಲು ಆಕೆ ಇತರರನ್ನು ಗೌರವಿಸಲಿ ಎಂಬರ್ಥದ ಮಾತಾಡಿದರು.

ಇದನ್ನು 'ಚಾಂಪಿಯನ್ನರ ಕಿಚ್ಚು' ಎಂದು ಮೆಚ್ಚಿದವರಿದ್ದಾರೆ. ನಾನು ಮೆಚ್ಚಲಾರೆ. ರಿಂಗಿನೊಳಗೆ ಎಳೆಯರನ್ನು ತನ್ನ ಹತ್ತಿರಕ್ಕೆ ಬರಗೊಟ್ಟು ನಿಭಾಯಿಸುವ ತಾಳ್ಮೆ ಯಾರಿಗಿತ್ತೋ, ಅವರಿಗೇ ರಿಂಗಿನ ಹೊರಗೆ ಅದು ಇಲ್ಲದೆ ಹೋಯಿತು. ಒಂದು ಹೆಜ್ಜೆ ಹಿಂದಿಡುವ ವಿದ್ಯೆ ಬೇಕಿದ್ದದ್ದು ಅಲ್ಲೇ. ನಮ್ಮ ಸ್ಟಾಫ್ ರೂಮುಗಳಲ್ಲಿ ಹೊಸದಾಗಿ ಬಂದ ಟೀಚರು "ಈ ಸಲ ಹತ್ತನೇ ತರಗತಿ ನನಗೆ ಕೊಡಿ" ಎಂದಾಗ ಹಿರಿಯರ ಮುಖ ಹೇಗಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗಿ ಕೇಳಿದ್ದು ಪದಕವನ್ನಲ್ಲ, ಪರೀಕ್ಷೆಯನ್ನು. ಪರೀಕ್ಷೆ ಕೇಳುವುದನ್ನು ಅವಮಾನವೆಂದು ತಿಳಿಯುವುದು ಮೇಷ್ಟ್ರಿಗೂ ಸಲ್ಲದು, ಚಾಂಪಿಯನ್ನರಿಗೂ ಸಲ್ಲದು.

2022ರ ಮೇ ತಿಂಗಳಲ್ಲಿ ನಿಖತ್ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಮೇರಿ ಬಹಿರಂಗವಾಗಿಯೇ ಅಭಿನಂದಿಸಿದರು, ಅದನ್ನೂ ಹೇಳಬೇಕು. ಮರು ತಿಂಗಳು ಕಾಮನ್‌ವೆಲ್ತ್ ಕ್ರೀಡೆಗಳ ಆಯ್ಕೆ ಪಂದ್ಯದಲ್ಲಿ 21ರ ನೀತು ಎದುರು ಮೊದಲ ಸುತ್ತಿನಲ್ಲೇ ಮೇರಿಯ ಮೊಣಕಾಲು ತಿರುಚಿಕೊಂಡಿತು. ಎದ್ದು ನಿಲ್ಲಲು ನೋಡಿದರು, ಕಾಲು ಕೇಳಲಿಲ್ಲ. ನೀತು ಬರ್ಮಿಂಗ್‌ಹ್ಯಾಮಿಗೆ ಹೋಗಿ ಚಿನ್ನ ತಂದಳು.

ಈಗ ನಿಖತ್‌ಗೂ ಮೂವತ್ತರ ಹೊಸ್ತಿಲು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚೀನಾದ ವು ಯು ಎದುರು 0-5ರ ಸೋಲು. 2025ರ ಲಿವರ್‌ಪೂಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟರ್ಕಿಯ ಬುಸೆ ನಾಜ್ ಎದುರು ಮತ್ತೆ ಸೋಲು. 2019ರ ಸೆಮಿಫೈನಲ್‌ನಲ್ಲಿ ಮೇರಿಯನ್ನು ಸೋಲಿಸಿದ್ದೂ ಅದೇ ಬುಸೆ ನಾಜ್. ಇನ್ನು ಮುಂದೆ ನಿಖತ್ ಮೇಲೆ ಏರಿ ಬರುವವರು ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು. ಅವಳು ಯಾವ ಕಾಲನ್ನು ಹಿಂದಕ್ಕಿಡುತ್ತಾಳೆಂದು ನೋಡಲು ಟಿ.ವಿ. ಮುಂದೆ ಕೂರುವವಳಿದ್ದೇನೆ.